ಸೀರೆಗಳನ್ನು ಕಡಲಿಗೆ ಕಳಿಸಿದವಳು

ಬತ್ತಿಯಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕುಮಟೆಯ ಬಸ್ ನಿಲ್ದಾಣದಲ್ಲಿ. ತದಡಿ ಕಡೆಯಿಂದ ಮೀನು ತರುವ ಹೆಂಗಸೊಬ್ಬಳು ಖಾಲಿ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಿಸುತ್ತ, "ಅಮ್ಮ, ನಿಮ್ಮ ಕೇರಿಗೆ ಬಟ್ಟೆ ಕೇಳೂಕೆ ಬತ್ತಿದ್ಲಲೆ, ಆ ಅಕ್ಕ ಹೋತು" ಎಂದಳು. ಎಂತಾಗಿತ್ತು ಎಂದು ಕೇಳಿದೆ. "ಎಂತ ಆಗೂದು, ವಯಸ್ಸಾಗಿತ್ತು. ಬೆಳಿಗ್ಗೆ ಗಂಜಿ ಉಂಡು, ಗಂಜಿ ನೀರಾಯ್ತು ಅಂತ ಎಲ್ಲರಿಗೂ ಬೈದು, ಮಲಗ್ತು. ಅಷ್ಟೇ." ಗಂಜಿಗೆ ಬೈದು ಹೋದಳು ಎಂದ ಮೇಲೆ ಅದು ಅವಳೇ, ಸಂಶಯವಿಲ್ಲ. ನನಗೆ ಮೊದಲು ನಗು ಬಂತು, ಹಿಂದೆಯೇ ಅಳುವೂ ಬಂತು. ಜನರ ಎದುರು ಅಳಲು ನಾಚಿಕೆಯಾಗಿ ಬಸ್ಸಿನ ಬೋರ್ಡು ಓದುವವಳಂತೆ ಮುಖ ಆಚೆ ಮಾಡಿ ನಿಂತೆ.

ಅವಳ ಹೆಸರು ನನಗೆ ಗೊತ್ತು. ಆದರೆ ನಮ್ಮ ಕೇರಿಯಲ್ಲಿ ಯಾರೂ ಆ ಹೆಸರು ಹಿಡಿದು ಅವಳನ್ನು ಕರೆದವರಲ್ಲ, ಹಾಗಾಗಿ ಇಲ್ಲಿಯೂ ಅದು ಬೇಡ. ಅವಳ ಅಣ್ಣ ತದಡಿಯ ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಮೇಸ್ತ್ರಿ. ಮರದ ದೋಣಿ ಎಂದರೆ ಹಲಗೆಗೆ ಹಲಗೆ ಕೂಡಿಸಿ ಮಾಡಿದ್ದು. ಎಷ್ಟು ಹೊಂದಿಸಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದಿಗೆ ಹಳೆಯ ನೂಲುಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು, ಉಳಿಯಿಟ್ಟು ಹೊಡೆದು ತುಂಬಿ, ಮೇಲೆ ರಾಳ ಮತ್ತು ಮೀನೆಣ್ಣೆ ಕಾಸಿ ಮೆತ್ತುತ್ತಾರೆ. ದೋಣಿ ನೀರಿಗೆ ಇಳಿದ ಮೇಲೆ ಬತ್ತಿ ನೀರು ಕುಡಿದು ಉಬ್ಬಿ ಸಂದನ್ನು ಬಿಗಿಯುತ್ತದೆ. ಆ ಬಟ್ಟೆಯನ್ನು ಕುಮಟೆಯ ಮನೆಮನೆಯಿಂದ ಒಟ್ಟುಮಾಡುವುದು, ಹರಿಯುವುದು, ಹೊಸೆಯುವುದು ಅವಳ ಕೆಲಸ. ಅದರಿಂದಲೇ ಬತ್ತಿಯಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳಿಗೆ ಆ ಮನೆಯಲ್ಲಿ ಒಂದು ಜಾಗ ಎಂದು ಇದ್ದದ್ದು ಈ ಕೆಲಸದಿಂದ. "ನಾ ಯಾರ ಮನೇಲೂ ಬಿಟ್ಟಿ ಉಂಡವಳಲ್ಲ" ಎನ್ನುವುದು ಅವಳು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು.

ನಾನು ಕುಮಟೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಕೆಲಸವೂ ಸಿಕ್ಕಿ, ಊರವರ ಬಾಯಲ್ಲಿ ನಾನು ‘ಬಾಯೋರು’ ಆಗಿದ್ದೆ. ನಮ್ಮದು ಪೇಟೆಯ ಹಿಂದಿನ ಕೇರಿ, ಒಂದಕ್ಕೊಂದು ಅಂಟಿದ ಮನೆಗಳು. ಮನೆಗಳ ಹಿಂದೆ ಒಂದು ಸಣ್ಣ ಹಳ್ಳ. ಕೇರಿಯ ಕಸವೆಲ್ಲ ಆ ಹಳ್ಳಕ್ಕೆ: ಒಲೆಯ ಬೂದಿ, ಬಾಳೆಲೆ, ಕಾಯಿಕರಟ, ಹರಿದ ಬಟ್ಟೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದಾಗ ಯಾರ ಮನೆಯ ಹಳೆ ಲಂಗ ಯಾರ ಬೇಲಿಗೆ ಸಿಕ್ಕಿಕೊಂಡಿದೆ ಎಂದು ಎಲ್ಲರಿಗೂ ತಿಳಿದು ಜಗಳವಾಗುತ್ತಿತ್ತು. ಬತ್ತಿಯಕ್ಕ ಬರತೊಡಗಿದ ಮೇಲೆ ಆ ಜಗಳ ನಿಂತಿತು. ಬಟ್ಟೆಯನ್ನಂತೂ ಅವಳು ಬಿಡುತ್ತಿರಲಿಲ್ಲ, ಕರಟವನ್ನೂ ಬಿಡಲಿಲ್ಲ. ಕರಟ ಸುಟ್ಟ ಇದ್ದಿಲಿನಲ್ಲೇ ದೋಣಿಯ ಮೊಳೆ ಚೆನ್ನಾಗಿ ಕಾಯುತ್ತದಂತೆ; ಅದು ದೋಣಿ ಕಟ್ಟುವ ಅಂಗಳದ ಪಕ್ಕದ ಕಮ್ಮಾರನಿಗೆ. "ನೀವು ಹಳ್ಳಕ್ಕೆ ಎಸೀರಿ, ಹಳ್ಳ ಹೊಳೆಗೆ ಎಸೀತದೆ, ಹೊಳೆ ನಮ್ಮ ಬಾಗ್ಲಿಗೆ ತಂದು ಹಾಕ್ತದೆ. ಅದಕ್ಕಿಂತ ನನ್ನ ಬುಟ್ಟಿಗೇ ಹಾಕಿ, ಬಸ್ಸಲ್ಲಿ ತಕಂಡೋತೆ" ಎನ್ನುತ್ತಿದ್ದಳು.

ಆ ದಿನಗಳಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರೂ ಕೇರಿಗೆ ಬರುತ್ತಿದ್ದರು. ಅವರಿಗೆ ಜರಿ ಬೇಕು, ಅಂಚು ಬೇಕು, ಹರಿದಿರಬಾರದು. ಬತ್ತಿಯಕ್ಕನಿಗೆ ಅವರನ್ನು ಕಂಡರೆ ಆಗದು. ಅವಳು ಪಾತ್ರೆ ಕೊಡುತ್ತಿರಲಿಲ್ಲ, ಬದಲಿಗೆ ಏನನ್ನೂ ಕೊಡುತ್ತಿರಲಿಲ್ಲ. ಅಲ್ಲ, ಒಂದು ಕೊಡುತ್ತಿದ್ದಳು, ಸುದ್ದಿ. ಯಾವ ಮನೆಯ ಯಾವ ಸೀರೆ ಯಾವ ದೋಣಿಯ ಸಂದಿನಲ್ಲಿದೆ ಎಂಬುದು ಅವಳಿಗೆ ನೆನಪಿರುತ್ತಿತ್ತು. ಅಥವಾ ನೆನಪಿರುವ ಹಾಗೆ ಹೇಳುತ್ತಿದ್ದಳು, ದೇವರೇ ಬಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು, ಎಲೆಯಡಿಕೆಯ ಕವಳ ಹಾಕಿಕೊಂಡು, "ನಿಮ್ಮ ಹಸಿರು ಸೀರೆ ರತ್ನಾಗಿರಿಗೆ ಹೋಗಿ ಬಂತು, ಒಂದು ತೊಟ್ಟು ನೀರು ಒಳಗೆ ಬಿಡ್ಲಿಲ್ಲ" ಎನ್ನುವಳು. ಎದುರು ಮನೆಯ ಕಡೆ ತಿರುಗಿ, "ನಿಮ್ಮ ಯಜಮಾನರ ಪಂಚೆ ಮಾತ್ರ ಭಟ್ಕಳ ದಾಟೂಕೂ ತಯಾರಿಲ್ಲ, ಅವರ ಹಾಗೇ ಸೋಮಾರಿ" ಎನ್ನುವಳು. ಕೇರಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಗೋಕರ್ಣ ಬಿಟ್ಟರೆ ಬೇರೆ ಊರು ಕಾಣದ ಹೆಂಗಸರು ತಮ್ಮ ಸೀರೆ ಗೋವೆಯಲ್ಲಿದೆ, ಮಲ್ಪೆಯಲ್ಲಿದೆ ಎಂದು ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸ್ಟೀಲ್ ಪಾತ್ರೆಯವರು ಕೊನೆಗೆ ನಮ್ಮ ಕೇರಿಗೆ ಬರುವುದನ್ನೇ ಬಿಟ್ಟರು.

ವಿನಯ ಎಂಬುದು ಅವಳ ಹತ್ತಿರ ಸುಳಿದದ್ದಿಲ್ಲ. "ನಾ ಇಲ್ದೆ ಹೋದ್ರೆ ಈ ಹೊಳೇಲಿ ಒಂದು ಬೋಟೂ ತೇಲೂದಿಲ್ಲ" ಎಂದು ಅಣ್ಣನ ಎದುರೇ ಹೇಳುವವಳು. ವರ್ಷಕ್ಕೊಮ್ಮೆ ನೆಂಟರ ಮನೆಗೆಂದು ಭಟ್ಕಳಕ್ಕೆ ಹೋದರೆ ಅಲ್ಲಿಂದಲೂ ಗಂಟು ತರುತ್ತಿದ್ದಳು. ಅಲ್ಲಿನ ನವಾಯತ ಮುಸ್ಲಿಮರ ಮನೆಗಳ ಹೆಂಗಸರ ಜೊತೆ ಅವರ ಮಾತಿನಲ್ಲೇ ಮಾತಾಡಿ ಬಿಳಿ ಮಲ್ಮಲ್ ಬಟ್ಟೆ ಗಿಟ್ಟಿಸಿದ್ದನ್ನು ಯುದ್ಧ ಗೆದ್ದವಳಂತೆ ಹೇಳುವಳು. ನನ್ನ ಅತ್ತೆಗೆ ಅವಳ ಮೇಲೆ ವಿಚಿತ್ರ ಪ್ರೀತಿ. ಅತ್ತೆ ಬಹಳ ಮಡಿಯವರು. ಬತ್ತಿಯಕ್ಕ ಜಗಲಿ ದಾಟುವ ಹಾಗಿರಲಿಲ್ಲ, ಅವಳು ಎದ್ದು ಹೋದ ಮೇಲೆ ಜಗಲಿಗೆ ನೀರು ಬೀಳುತ್ತಿತ್ತು. ಅವಳಿಗೂ ಅದು ಗೊತ್ತು. "ನೀರು ಚೂರು ಜಾಸ್ತಿ ಹಾಕಿ ಅಮ್ಮ, ಕವಳದ ಕಲೆ ಹೋಗೂದಿಲ್ಲ" ಎಂದು ಮೆಟ್ಟಿಲಿಳಿಯುತ್ತ ಹೇಳಿ ಹೋಗುತ್ತಿದ್ದಳು. ಅತ್ತೆಯ ಮುಖ ಕೆಂಪಾಗುತ್ತಿತ್ತು. ಆದರೂ ಅವಳು ಬರುವ ದಿನ ತಪ್ಪಿದರೆ ಬಾಗಿಲಲ್ಲಿ ನಿಂತು, "ಅದು ಇನ್ನೂ ಬಂಜಿಲ್ಲೆ" ಎಂದು ಮೊದಲು ಚಡಪಡಿಸುವವರೂ ಅವರೇ.

ನನ್ನ ಕೃತಜ್ಞತೆಗೆ ನನ್ನದೇ ಆದ ಒಂದು ಕಾರಣವಿದೆ. ನನ್ನ ತಾಯಿ ತೀರಿಕೊಂಡಾಗ ಅವಳ ನೂಲಿನ ಸೀರೆಗಳನ್ನು ಒಂದು ಟ್ರಂಕಿನಲ್ಲಿ ತಂದಿಟ್ಟುಕೊಂಡಿದ್ದೆ. ಟ್ರಂಕು ಕಂಡಾಗಲೆಲ್ಲ ಎದೆ ಹಿಂಡುತ್ತಿತ್ತು. ಒಂದು ದಿನ ತಡೆಯಲಾರದೆ ಅಷ್ಟನ್ನೂ ತಂದು ಬತ್ತಿಯಕ್ಕನ ಎದುರು ಹಾಕಿದೆ. ಅವಳು ಒಂದನ್ನು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದಳು. ಅಂಥ ಮೆತ್ತನೆಯ ನೂಲು ಸಿಗುವುದು ಕಷ್ಟ ಎಂದು ಅವಳ ಮುಖವೇ ಹೇಳುತ್ತಿತ್ತು. ಆಮೇಲೆ ಮಡಿಸಿ ನನ್ನ ತೊಡೆಯ ಮೇಲಿಟ್ಟಳು. "ಇದು ಈಗ ಬ್ಯಾಡ ಬಾಯೋರೆ. ಇದ್ರಲ್ಲಿ ಇನ್ನೂ ನಿಮ್ಮ ಆಯಿ ಇದ್ದಾರೆ. ಹರಿಯೂಕೆ ನಂಗೆ ಕೈ ಬರೂದಿಲ್ಲ. ನಿಮ್ಗೆ ಇದು ಬರೀ ಬಟ್ಟೆ ಅಂತ ಕಾಣೂಕೆ ಶುರುವಾದ ದಿನ ಹೇಳಿ." ಆ ದಿನ ಬರಲು ವರ್ಷಗಳೇ ಹಿಡಿದವು. ಅಷ್ಟು ಕಾಲವೂ ಅವಳು ಒಮ್ಮೆಯೂ ಆ ಟ್ರಂಕಿನ ಮಾತೆತ್ತಲಿಲ್ಲ. ಊರಿಗೆಲ್ಲ ಬಟ್ಟೆ ಕೊಡಿ ಎಂದು ಪೀಡಿಸುವವಳು ನನ್ನ ಹತ್ತಿರ ಮಾತ್ರ ಕರಟ ಕೇಳಿಕೊಂಡು ಹೋಗುತ್ತಿದ್ದಳು. ನನಗೆ ಸಮಾಧಾನ ಹೇಳಿದವರು ಆಗ ಹಲವರಿದ್ದರು, ಕಾದವಳು ಅವಳೊಬ್ಬಳು.

ಆಮೇಲೆ ನೈಲಾನ್ ಬಂತು.

ಮುಂಬಯಿಯಲ್ಲಿದ್ದ ನನ್ನ ಭಾವ ಅತ್ತೆಗೆ ನೀಲಿ ಬಣ್ಣದ ಹೂವಿನ ನೈಲಾನ್ ಸೀರೆ ಕಳಿಸಿದ್ದರು. ಅತ್ತೆ ಅದನ್ನು ಹಬ್ಬಕ್ಕೊಮ್ಮೆ ಉಟ್ಟು, ಜಾರುತ್ತದೆ ಎಂದು ಬೈದು, ಮಡಿಸಿಡುತ್ತಿದ್ದರು. ಒಂದು ಸಲ ಬತ್ತಿಯಕ್ಕ, ಹೊನ್ನಾವರದ ಸಾವಕಾರರೊಬ್ಬರಿಗೆ ದೊಡ್ಡ ದೋಣಿ ಕಟ್ಟುತ್ತಿದ್ದಾರೆ, ನೀರಿಗಿಳಿಸುವ ದಿನ ಪೂಜೆ, ಅರಿಶಿನ ಕುಂಕುಮ ಎಂದೆಲ್ಲ ಬಣ್ಣಿಸಿದಳು. ಅತ್ತೆ ಒಳಗೆ ಹೋಗಿ ಆ ನೈಲಾನ್ ಸೀರೆ ತಂದು ಅವಳ ಬುಟ್ಟಿಗೆ ಹಾಕಿದರು. ನಾನು ಬಾಯಿ ತೆಗೆಯುವ ಮೊದಲೇ, "ಪೂಜೆ ಮಾಡ ಜಾಗಕ್ಕೆ ಹರಕಲು ಕೊಟ್ರೆ ನಮ್ಮ ಮನೆಗೆ ಮರ್ಯಾದೆ ಇದ್ದಾ?" ಎಂದರು. ಸಂಜೆಯೊಳಗೆ ಕೇರಿಗೆಲ್ಲ ವಿಷಯ ಗೊತ್ತಾಯಿತು. ನಮ್ಮ ಮನೆಯವರು ಹೊಸ ಸೀರೆ ಕೊಟ್ಟರೆಂದ ಮೇಲೆ ಪಕ್ಕದ ಮನೆಯವರು ಸುಮ್ಮನಿದ್ದಾರೆಯೇ? ಟೆರಿಲಿನ್ ಶರ್ಟು, ನೈಲಾನ್ ದಾವಣಿ, ಮಿರಮಿರ ಮಿಂಚುವ ರವಿಕೆ ತುಂಡು, ಒಬ್ಬರಿಗಿಂತ ಒಬ್ಬರು ಹೆಚ್ಚು. ಬತ್ತಿಯಕ್ಕನೂ ಕುಣಿದಾಡಿದಳು. ಅಷ್ಟು ಬಣ್ಣ, ಅಷ್ಟು ಹೊಳಪು ಅವಳ ಬುಟ್ಟಿಗೆ ಬಿದ್ದದ್ದು ಅದೇ ಮೊದಲು. "ಎಂತ ಗಟ್ಟಿ ಬಟ್ಟೆ! ಹರಿಯೂಕೇ ಬರೂದಿಲ್ಲ" ಎಂದು ಮೆಚ್ಚಿಕೊಂಡೇ ಹೊತ್ತು ಹೋದಳು.

ದೋಣಿ ನೀರಿಗಿಳಿಯಿತು. ಹೊಸ ಮರ, ಮೊದಲು ಸ್ವಲ್ಪ ನೀರು ಒಸರುವುದು ಸಹಜ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಎತ್ತಿ ಹಾಕಿದಷ್ಟೂ ನೀರು ಬಂತು. ಕೊನೆಗೆ ದೋಣಿಯನ್ನು ದಡಕ್ಕೆಳೆದು ಸಂದು ಬಿಚ್ಚಿ ನೋಡಿದರೆ, ನೂಲು ತುಂಬಿದ ಕಡೆ ಎಲ್ಲ ಬಿಗಿ, ನೈಲಾನ್ ತುಂಬಿದ ಕಡೆ ಎಲ್ಲ ಸಡಿಲ. ಅದು ನೀರನ್ನೂ ಕುಡಿದಿರಲಿಲ್ಲ, ಎಣ್ಣೆಯನ್ನೂ ಕುಡಿದಿರಲಿಲ್ಲ. ನನ್ನ ಅತ್ತೆಯ ಸೀರೆಯ ನೀಲಿ ಹೂವು ಇಟ್ಟ ಹಾಗೇ ಹೊಳೆಯುತ್ತ ಹೊರಗೆ ಬಂತಂತೆ. ಸಾವಕಾರರು ಎಲ್ಲರೆದುರು ಕೂಗಾಡಿದರು. ಮೇಸ್ತ್ರಿ ತಂಗಿಗೆ ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಹೇಳಿದ. "ಸಾಕು. ಇನ್ನು ಮನೆಬಟ್ಟೆ ಬ್ಯಾಡ. ಹುಬ್ಬಳ್ಳಿಯಿಂದ ಹತ್ತಿ ತರ್ಸ್ತೆ. ನೀ ಮನೇಲಿ ಕೂತು ಉಣ್ಣು."

ಇದನ್ನೆಲ್ಲ ನಾವು ಕೇಳಿದ್ದು ಮೀನಿನ ಹೆಂಗಸರ ಬಾಯಿಂದ. ಬತ್ತಿಯಕ್ಕ ಬರಲೇ ಇಲ್ಲ. ಕೇರಿಯಲ್ಲಿ ಕರಟ ರಾಶಿ ಬಿತ್ತು, ಹಳ್ಳದಲ್ಲಿ ಮತ್ತೆ ಬಟ್ಟೆ ಕಾಣಿಸಿಕೊಂಡಿತು. ಅತ್ತೆಗೆ ಊಟ ಸೇರದಾಯಿತು. "ನನ್ನ ಸೀರೆಯಿಂದ್ಲೇ ಆತು. ಒಂದು ಹೆಂಗಸಿನ ಅನ್ನ ಕಳದ ಪಾಪ ನಂಗೆ ಬಂತು" ಎಂದು ಕಂಬಕ್ಕೊರಗಿ ಕೂರುತ್ತಿದ್ದರು. ಕೊನೆಗೊಂದು ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು, "ತದಡಿಗೆ ಬಸ್ಸು ಎಷ್ಟೊತ್ತಿಗಿದ್ದು?" ಎಂದು ಕೇಳಿದರು. ನಾನು ಅವರ ಮುಖ ನೋಡಿದೆ. ಮೀನು ಬಂದರಿನ ಹೆಸರು ಕೇಳಿದರೆ ಮೂಗು ಮುಚ್ಚುವವರು ಅವರು.

ಬತ್ತಿಯಕ್ಕ ಅಣ್ಣನ ಮನೆಯ ಹಿತ್ತಿಲಲ್ಲಿ ಕೂತು ಬಲೆ ಸರಿಮಾಡುತ್ತಿದ್ದಳು. ಬಾಯಲ್ಲಿ ಕವಳವಿರಲಿಲ್ಲ. ನಮ್ಮನ್ನು ಕಂಡು ಎದ್ದು ನಿಂತಳು. ಮಾತು ಶುರುಮಾಡುವ ಮೊದಲೇ ಅತ್ತೆ ಅತ್ತುಬಿಟ್ಟರು. ಅವಳೇ ಹೇಳಿದಳು. "ನೀವು ಎಂತಕೆ ಅಳ್ತ್ರಿ ಅಮ್ಮ? ನೀವು ಒಳ್ಳೇದೇ ಕೊಟ್ರಿ. ಹೊಳಪು ಕಂಡು ಮರುಳಾದವಳು ನಾನು. ಬಟ್ಟೆ ಮುಟ್ಟಿ ಮುಟ್ಟಿ ಸವೆದ ಕೈ ಇದು. ಒಂದು ಸಲ ನೀರಲ್ಲಿ ಅದ್ದಿ ನೋಡ್ಬೇಕು ಅಂತ ಹೊಳೀಲಿಲ್ಲಲೆ." ಅವಳ ಬಾಯಿಂದ ಸೋಲಿನ ಮಾತು ಕೇಳಿದ್ದು ನಾನು ಅದೊಂದೇ ಸಲ.

ಅಂದಿನಿಂದ ನಮ್ಮ ಜಗಲಿಯೇ ಪರೀಕ್ಷೆಯ ಕೋಣೆಯಾಯಿತು. ಎಳೆ ಸುಟ್ಟು ನೋಡುವ ಉಪಾಯ ಯಾರು ಹೇಳಿದರೋ ನೆನಪಿಲ್ಲ. ನೂಲಾದರೆ ಸುಟ್ಟು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅತ್ತೆ ಬೆಂಕಿಪೊಟ್ಟಣ ಹಿಡಿದು ಕೂತರು, ಕೇರಿಯವರು ಒಬ್ಬೊಬ್ಬರಾಗಿ ಬಟ್ಟೆ ತಂದರು. ಎದುರು ಮನೆಯ ಯಜಮಾನರು ಅಪ್ಪಟ ಖಾದಿ ಎಂದು ಊರಿಗೆಲ್ಲ ಹೇಳಿಕೊಂಡು ತೊಡುತ್ತಿದ್ದ ಜುಬ್ಬಾದ ಎಳೆ ಕರಗಿ ಮಣಿಯಾದಾಗ ಕೇರಿಯೇ ನಕ್ಕಿತು. ಈ ಸಲ ಯಾರೂ ಮರ್ಯಾದೆಗೆ ಕೊಡಲಿಲ್ಲ. ಸವೆದದ್ದು, ತೇಪೆ ಹಚ್ಚಿದ್ದು, ಮಗುವಿನ ತೊಟ್ಟಿಲಿಗೆ ಕಟ್ಟಿದ್ದು, ಎಲ್ಲ ಬಂತು. ನಾನು ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದೆ. ಅಮ್ಮನ ಸೀರೆಗಳು ಆ ದಿನ ನನಗೆ ಬಟ್ಟೆಯಾಗಿ ಕಂಡವು, ಬಹಳ ಒಳ್ಳೆಯ ಬಟ್ಟೆಯಾಗಿ.

ಗಂಟು ಕಟ್ಟಿಕೊಂಡು ಬತ್ತಿಯಕ್ಕನ ಜೊತೆ ನಾನೂ ಅತ್ತೆಯೂ ಮತ್ತೆ ತದಡಿಗೆ ಹೋದಾಗ ದೋಣಿ ಇನ್ನೂ ದಡದ ಮೇಲೇ ಇತ್ತು. ಹುಬ್ಬಳ್ಳಿಯ ಹತ್ತಿ ಬಂದಿರಲಿಲ್ಲ. ಮೀನಿನ ಹಂಗಾಮು ಶುರುವಾಗುತ್ತಿತ್ತು, ಸಾವಕಾರರು ಅಂಗಳದಲ್ಲಿ ಚಡಪಡಿಸುತ್ತಿದ್ದರು. ಬತ್ತಿಯಕ್ಕ ಗಂಟನ್ನು ಅಣ್ಣನ ಎದುರಿಗಿಟ್ಟು, "ಇದನ್ನ ತುಂಬಿ. ಮೊದಲ ಭರತಕ್ಕೆ ನಾ ಒಳಗೆ ಕೂತ್ಕಂತೆ" ಎಂದಳು. ಅದು ಆ ದಂಡೆಯ ಹಳೆಯ ಪದ್ಧತಿಯಂತೆ. ಸಂದಿನ ಬಗ್ಗೆ ಅನುಮಾನ ಬಂದರೆ, ದೋಣಿ ಮೊದಲ ಭರತಕ್ಕೆ, ಎಂದರೆ ಮೊದಲ ಉಬ್ಬರಕ್ಕೆ, ತೇಲುವಾಗ ಅದರ ಹೊಣೆ ಹೊತ್ತವರು ಬರಿಗಾಲಲ್ಲಿ ತಳದ ಹಲಗೆಯ ಮೇಲೆ ಕೂತು, ನೀರು ಇಳಿಯತೊಡಗುವ ತನಕ ಏಳಬಾರದು.

ಸಾವಕಾರರು ನಕ್ಕರು. "ನೀ ಹಠದವಳು. ಕುತ್ತಿಗೆ ತನಕ ನೀರು ಬಂದ್ರೂ ಒಣಗಿದೆ ಅಂತ ಹೇಳೂವವಳು. ನಿನ್ನ ಸಾಕ್ಷಿ ನಂಗೆ ಬ್ಯಾಡ."

"ಬಟ್ಟೆ ಕೊಟ್ಟಿದ್ದು ನಾನು" ಎಂದಿತು ನನ್ನ ಪಕ್ಕದಿಂದ ಒಂದು ಧ್ವನಿ. "ನಾನೂ ಕೂತ್ಗತ್ತೆ. ನಾ ಸುಳ್ಳು ಹೇಳ್ತ್ನಿಲ್ಲೆ."

ಮಡಿಯುಟ್ಟು ನಿಂತ ಆ ಮುದುಕಿಯನ್ನು ಸಾವಕಾರರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಮಾತು ಮುಗಿಸಿದರು. ತಳದಲ್ಲಿ ನೀರು ನಿಂತರೆ ಇನ್ನು ಮನೆಬಟ್ಟೆ ಈ ಅಂಗಳಕ್ಕೆ ಕಾಲಿಡಬಾರದು. ಮೇಸ್ತ್ರಿ ತಂಗಿಯ ಮುಖ ನೋಡದೆ ತಲೆಯಾಡಿಸಿದ.

ದೋಣಿ ತೇಲಿಸುವ ದಿನ ನಮ್ಮ ಕೇರಿಯಿಂದ ಬಂದವರು ಅತ್ತೆ ಒಬ್ಬರೇ ಅಲ್ಲ. ಎದುರು ಮನೆಯವರು, ಪಕ್ಕದ ಮನೆಯವರು, ಬಾವಿಕಟ್ಟೆಯ ಬಳಗವೇ ಬಸ್ಸು ಹತ್ತಿತ್ತು. ಏಣಿ ಹಿಡಿದು ಒಬ್ಬೊಬ್ಬರೇ ಒಳಗಿಳಿದು, ಸೀರೆ ಮಡಚಿ ಸಿಕ್ಕಿಸಿಕೊಂಡು, ಬರಿಯ ಹಲಗೆಯ ಮೇಲೆ ಸಾಲಾಗಿ ಕೂತೆವು. ನಾನೂ ಕೂತೆ. ಬತ್ತಿಯಕ್ಕ ನಡುವೆ. ಅತ್ತೆ ಅವಳ ಪಕ್ಕದಲ್ಲಿ, ಮೈಗೆ ಮೈ ತಾಗಿಸಿ, ಏಕೆಂದರೆ ಬೇರೆ ಜಾಗವಿರಲಿಲ್ಲ. ನೀರು ಏರುತ್ತ ಬಂತು. ಒಂದು ಹೊತ್ತಿಗೆ ದೋಣಿ ಮೆಲ್ಲಗೆ ಅಲುಗಿತು, ಮಣ್ಣು ಬಿಟ್ಟಿತು. ಅತ್ತೆ ಕಣ್ಣು ಮುಚ್ಚಿ ಬತ್ತಿಯಕ್ಕನ ತೋಳು ಹಿಡಿದರು. ಎಲ್ಲರ ಕಣ್ಣೂ ನಮ್ಮ ನಮ್ಮ ಪಾದಗಳ ಮೇಲೆ.

ಒಂದು ಕಡೆ ಹಲಗೆ ಕಪ್ಪಾಯಿತು. ಬತ್ತಿಯಕ್ಕ ಅಲ್ಲಿ ಅಂಗೈ ಇಟ್ಟಳು. ಸಂದಿನಿಂದ ಒಂದೊಂದೇ ಹನಿ ಒಸರಿ ಅವಳ ಬೆರಳ ಸುತ್ತ ಹರಡಿತು. ಇನ್ನೊಂದು ಹನಿ ಬರುತ್ತದೆ ಎಂದು ಕಾದೆವು. ಬಂತು. ಮತ್ತೊಂದಕ್ಕೆ ಕಾದೆವು. ಅದು ಬಹಳ ಹೊತ್ತು ಬಿಟ್ಟು ಬಂತು. ಆಮೇಲೆ ಬರಲಿಲ್ಲ. ಒಳಗಿನ ನೂಲು ನೀರು ಕುಡಿದು ಬಿಗಿಯುತ್ತಿತ್ತು, ಅದು ಯಾರ ಮನೆಯದೋ ಆಗ ಯಾರಿಗೂ ಬೇಕಿರಲಿಲ್ಲ. ದಡದ ಮೇಲಿನವರು ನೀರು ಇಳಿಯುತ್ತಿದೆ ಎಂದು ಕೂಗಿದಾಗ ನಮ್ಮ ಪಾದಗಳು ಒಣಗಿದ್ದವು.

ಮೇಸ್ತ್ರಿ ಒಳಗೆ ಇಳಿದ. ಕುಕ್ಕರಗಾಲಲ್ಲಿ ಕೂತು ಸಂದು ಸಂದಿನ ಮೇಲೂ ಕೈಯಾಡಿಸಿದ. ಸಾವಕಾರರು ಮೇಲಿಂದ ಬಗ್ಗಿ ನೋಡುತ್ತಿದ್ದರು. ಕೈಯನ್ನು ಲುಂಗಿಗೆ ಒರೆಸಿಕೊಂಡು, ತಂಗಿಗೆ ಹೇಳಿದ: "ಹುಬ್ಬಳ್ಳಿ ಹತ್ತಿ ಬ್ಯಾಡ. ನಾಳೆ ಕುಮಟೆಗೆ ಹೋಗು, ಬಟ್ಟೆ ತಕಂಬಾ."

ಎಂಥ ಮಾತಿಗೂ ಉತ್ತರ ಇಟ್ಟುಕೊಂಡೇ ಇರುತ್ತಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿ ಹಿಡಿದಳು. ಆದರೂ ತಡೆಯಲಿಲ್ಲ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಅತ್ತೆ ತಮ್ಮ ಮಡಿಸೀರೆಯ ಸೆರಗಿನಿಂದಲೇ ಅವಳ ಕಣ್ಣೊರೆಸಿದರು.

"ಅಳಡ ಮಾರಾಯ್ತಿ" ಎಂದರು. "ತಳ ಒದ್ದೆ ಆದ್ರೆ ಸಾವಕಾರ್ರು ಒಪ್ಪದಿಲ್ಲೆ."